ಹತ್ತು ಕೋಳಿ, ದಿನಕ್ಕೊಂದು ಮೊಟ್ಟೆ: ತುಮಕೂರಿನ ಒಂದು ಹಿತ್ತಲ ಪ್ರಕರಣ

ಹತ್ತು ಹೇಂಟೆ. ಜನವರಿಯಲ್ಲಿ ದಿನಕ್ಕೆ 5-6 ಮೊಟ್ಟೆ. ಮಾರ್ಚ್ ನಡುವಿಗೆ ಬರುವಾಗ 1, ಕೆಲವು ದಿನ ಅದೂ ಇಲ್ಲ. ಕೋಳಿಗಳು ಮೇವು ತಿನ್ನುತ್ತಿದ್ದವು, ನೀರು ಕುಡಿಯುತ್ತಿದ್ದವು, ತಿಪ್ಪೆ ಕೆರೆಯುತ್ತಿದ್ದವು. ಹಗಲು ನೋಡಿದವರಿಗೆ ಕಾಯಿಲೆ ಅನ್ನಿಸುವಂತೆ ಇರಲಿಲ್ಲ. ಯುಗಾದಿ, ಅದರ ಮರುದಿನದ ಬಾಡೂಟದ ವರ್ಷತೊಡಕು ಹತ್ತಿರ ಬಂದಿದ್ದವು. ಮನೆಯ ಅಜ್ಜಿ ಆಗಲೇ ತೀರ್ಪು ಕೊಟ್ಟಾಗಿತ್ತು: ‘ಮೊಟ್ಟೆ ಇಕ್ಕದ ಕೋಳಿಗೆ ಕಾಳು ಯಾಕೆ ದಂಡ? ವರ್ಷತೊಡಕಿಗೆ ಕುಯ್ದರಾಯ್ತು.’

ಮನೆ ಇರುವುದು ತುಮಕೂರಿನ ಹೊರವಲಯದಲ್ಲಿ. 30-40 ಸೈಟಿನಲ್ಲಿ ಮನೆ, ಪಕ್ಕದಲ್ಲಿ ಯಾರದೋ ಖಾಲಿ ಸೈಟು, ಹಿಂದೆ ನಾಲ್ಕು ತೆಂಗಿನ ಮರ, ಒಂದು ನುಗ್ಗೆ ಮರ. ಗಂಡನಿಗೆ ವಸಂತನರಸಾಪುರದ ಕಡೆ ಫ್ಯಾಕ್ಟರಿ ಕೆಲಸ, ಪಾಳಿ ಮೇಲೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕೋಳಿ ಸಾಕುವ ಆಸೆ ಆಕೆಯದು. ತವರು ಹಳ್ಳಿಯಲ್ಲಿ ಕೋಳಿ ನೋಡಿಕೊಂಡೇ ಬೆಳೆದವರು, ಆದರೆ ಸ್ವಂತ ಜವಾಬ್ದಾರಿಯಲ್ಲಿ ಸಾಕಿದ್ದು ಇದೇ ಮೊದಲು. ನಾನು ಆ ಮನೆಗೆ ದೂರದ ನೆಂಟ. ಪಶುವೈದ್ಯ ಅಲ್ಲ, ಬಹಳ ವರ್ಷದಿಂದ ಕೋಳಿ ಸಾಕಿಕೊಂಡು ಬಂದವನು. ಹಾಗಾಗಿ ನೆಂಟರಿಷ್ಟರಲ್ಲಿ ಕೋಳಿ ತೂಕಡಿಸಿದರೆ ಮೊದಲು ನನಗೇ ಫೋನು ಬರುತ್ತದೆ.

ಮರಿಯಿಂದ ಮೊಟ್ಟೆಯವರೆಗೆ

ಹಿಂದಿನ ಜೂನ್‌ನಲ್ಲಿ ಒಂದು ದಿನದ 20 ಗಿರಿರಾಜ ಮರಿ ತಂದಿದ್ದರು. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ಬಣ್ಣಬಣ್ಣದ ಗರಿ, ನಾಟಿಯಂತೆ ಮೇಯುವ ಅಭ್ಯಾಸ, ಮೈ ಮಾತ್ರ ನಾಟಿಯ ಎರಡರಷ್ಟು. ಹಿತ್ತಲಲ್ಲಿ ಬಿಟ್ಟು ಸಾಕಿದರೆ ವರ್ಷಕ್ಕೆ 130-150 ಮೊಟ್ಟೆ ಇಡುತ್ತದೆ. ನಾಟಿ ಹೇಂಟೆ 60-80 ಇಟ್ಟರೆ ಹೆಚ್ಚು. ಹೊಸಬರಿಗೆ ಇದು ಒಳ್ಳೆ ಆಯ್ಕೆ ಅಂತಲೇ ನಾನೂ ಹೇಳಿದ್ದೆ.

ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿಕೊಂಡು ಹೋಗಬೇಕು. ವಿಡಿಯೋ ನೋಡಿ ಇವರು ರಟ್ಟಿನ ಪೆಟ್ಟಿಗೆಗೆ ಬಲ್ಬ್ ಕಟ್ಟಿದರು. ಅದು ಎಲ್‌ಇಡಿ ಬಲ್ಬ್. ಬೆಳಕು ಝಗಝಗ, ಬಿಸಿ ಸೊನ್ನೆ. ಹೊರಗೆ ಜಡಿಮಳೆ. ಬೆಳಗ್ಗೆ ನೋಡಿದರೆ ಮರಿಗಳೆಲ್ಲ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು, ತಳದಲ್ಲಿದ್ದ ಎರಡು ಸತ್ತಿದ್ದವು. ಈಗ ಅಂಗಡಿಗಳಲ್ಲಿ ಹಳೇ ತಂತಿ ಬಲ್ಬ್ ಸಿಗೋದೇ ಕಷ್ಟ. ಊರೆಲ್ಲ ಸುತ್ತಿ ಒಂದು 60 ವ್ಯಾಟಿನದು ಹುಡುಕಿ ತಂದರು. ಅದನ್ನು ಹಾಕಿದ ಮೇಲೆ ಮರಿಗಳು ಪೆಟ್ಟಿಗೆ ತುಂಬ ಹರಡಿಕೊಂಡು ಮಲಗಿದವು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಅದೇ ಅಳತೆ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಅದರಿಂದ ದೂರ ಸರಿದು ಬಾಯಿ ಬಿಟ್ಟರೆ ಸೆಕೆ.

ಐದನೇ ದಿನಕ್ಕೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಲಸೋಟಾ. ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುವುದು. ಅಲ್ಲಿ ಇನ್ನೊಂದು ತಾಪತ್ರಯ ಇದೆ. ಅಂಗಡಿಯಲ್ಲಿ ಸಿಕ್ಕ ಚಿಕ್ಕ ಸೀಸೆಯೇ 100 ಡೋಸಿನದು, ಇವರದು 18 ಮರಿ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಫ್ರಿಜ್ಜಿನಲ್ಲಿಟ್ಟು ನಾಳೆ ಹಾಕುವ ಹಾಗಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಕೋಳಿ ಇದೆಯೋ ಅವರನ್ನೆಲ್ಲ ಮೊದಲೇ ಕೇಳಿಕೊಂಡು, ಐಸ್ ತುಂಬಿದ ಥರ್ಮಾಸಿನಲ್ಲಿ ಸೀಸೆ ತಂದು, ಒಂದೇ ಭಾನುವಾರ ಎಲ್ಲರ ಕೋಳಿಗೂ ಹಾಕಿಸಿದರು. ಇದನ್ನು ಆಕೆ ಯಾರೂ ಹೇಳಿಕೊಡದೆ ಮಾಡಿದ್ದು. ನನಗೆ ಖುಷಿಯಾಯ್ತು.

ಒಂದು ಮರಿ ಬೆಕ್ಕಿನ ಪಾಲಾಯ್ತು. ಉಳಿದ 17ರಲ್ಲಿ 9 ಹುಂಜ. ಗಂಡು ಹೆಣ್ಣು ಬೇರೆ ಮಾಡದ ಮರಿ ತಂದರೆ ಅರ್ಧಕ್ಕರ್ಧ ಹುಂಜ ಅಂತಲೇ ಲೆಕ್ಕ ಹಾಕಬೇಕು. ಐದನೇ ತಿಂಗಳ ಹೊತ್ತಿಗೆ ನಸುಕಿನ ನಾಲ್ಕೂವರೆಗೆ ಒಂಬತ್ತೂ ಸರದಿ ಮೇಲೆ ಕೂಗಲು ಶುರು. ಪಕ್ಕದ ಬೀದಿಯವರು ಮುಖ ಸಿಂಡರಿಸಿದರು. ದೀಪಾವಳಿ ಕಳೆಯುವಷ್ಟರಲ್ಲಿ ಎಂಟನ್ನು ಮಾರಿ, ತಿಂದು ಮುಗಿಸಿ, ಒಂದನ್ನು ಇಟ್ಟುಕೊಂಡರು. ತವರಿಂದ ಎರಡು ನಾಟಿ ಹೇಂಟೆ ಬಂದವು. ಹೀಗೆ ಹತ್ತು ಹೇಂಟೆ, ಒಂದು ಹುಂಜ.

ಡಿಸೆಂಬರ್‌ನಲ್ಲಿ ಮೊದಲ ಮೊಟ್ಟೆ. ಆರನೇ ಕ್ಲಾಸಿನ ಮಗಳು ಅದನ್ನು ಎರಡು ದಿನ ಬೇಯಿಸಲು ಬಿಡಲಿಲ್ಲ. ಅವತ್ತಿನಿಂದ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ಮೊಟ್ಟೆ ಬರೆಯುವ ಕೆಲಸ ಅವಳದಾಯ್ತು. ಈ ಪ್ರಕರಣ ಬಗೆಹರಿಯಲು ಆ ಕ್ಯಾಲೆಂಡರೇ ಅರ್ಧ ಕಾರಣ. ‘ಈಚೆಗೆ ಕಮ್ಮಿ ಆಗಿದೆ’ ಅನ್ನುವ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಯಾವಾಗಿನಿಂದ ಕಮ್ಮಿ ಅಂತ ಗೊತ್ತಾದರೆ ಆಗ ಮನೆಯಲ್ಲಿ ಏನು ಬದಲಾಯ್ತು ಅಂತ ಕೇಳಬಹುದು.

ಮೊಟ್ಟೆ ಇಳಿದ ಬಗೆ

ಕ್ಯಾಲೆಂಡರಿನ ಜನವರಿ ಚೌಕಗಳಲ್ಲಿ 5, 6, 5, 5, 6. ಫೆಬ್ರವರಿ ಮೊದಲ ವಾರವೂ ಹಾಗೇ. ಮೂರನೇ ವಾರ 4, 3, 4. ಮಾರ್ಚ್ ಶುರುವಿನಲ್ಲಿ 2. ದಿಢೀರ್ ಬೀಳಲಿಲ್ಲ, ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಕೊಕ್ಕರೆ ರೋಗದಂಥದ್ದು ಬಂದರೆ ಹೀಗೆ ನಿಧಾನವಾಗಿ ನಡೆಯುವುದಿಲ್ಲ. ಲಸಿಕೆ ಇಲ್ಲದ ಹಿಂಡಿಗೆ ಅದು ಹೊಕ್ಕರೆ ಕೆಲವೇ ದಿನದಲ್ಲಿ ಗೂಡು ಖಾಲಿ.

ಆಕೆ ಮೊದಲು ಮಾಡಿದ್ದು ಎಲ್ಲ ಹೊಸಬರೂ ಮಾಡುವುದನ್ನೇ. ಔಷಧಿ ಅಂಗಡಿಗೆ ಹೋದರು. ಕ್ಯಾಲ್ಸಿಯಂ ಬಾಟಲಿ, ಲಿವರ್ ಟಾನಿಕ್ಕು, ಜಂತುಹುಳದ ಮದ್ದು ಬಂದವು. ಕೋಳಿ ಸಾಕಣೆಯ ವಾಟ್ಸಾಪ್ ಗುಂಪಿನಲ್ಲಿ ಬೆಳ್ಳುಳ್ಳಿ ಅಂದರು, ಅರಿಶಿನ ಅಂದರು, ಒಬ್ಬರು ಗೂಡಿನ ದಿಕ್ಕು ಸರಿಯಿಲ್ಲ ಅಂದರು. ಯಾವುದರಿಂದಲೂ ಕೋಳಿಗೆ ತೊಂದರೆಯಾಗಲಿಲ್ಲ, ಮೊಟ್ಟೆಯೂ ಹೆಚ್ಚಲಿಲ್ಲ.

ಮಾರ್ಚ್ ಎರಡನೇ ವಾರ ಒಂದು ಗಿರಿರಾಜ ಹೇಂಟೆ ಮಂಕಾಯಿತು. ಕತ್ತು ಒಳಗೆಳೆದು, ಗರಿ ಉಬ್ಬಿಸಿ ಕೂತಿತು. ಹಿಕ್ಕೆ ಹಸಿರು. ಎರಡೇ ದಿನಕ್ಕೆ ಸತ್ತಿತು. ಹೆದರಿ ಖಾಲಿ ಸೈಟಿನಲ್ಲಿ ಹೂತರು. ಆಮೇಲೆ ನನಗೆ ಫೋನು.

ಏನಲ್ಲ ಅನ್ನೋದು ಮೊದಲು

ನಾನು ಹೋದಾಗ ಮಧ್ಯಾಹ್ನ. ಒಂಬತ್ತು ಹೇಂಟೆಯನ್ನೂ ಹಿಡಿದು ನೋಡಿದೆವು. ಕೊಕ್ಕರೆ ರೋಗದ ಕತ್ತು ತಿರುಚುವಿಕೆ ಇಲ್ಲ, ಉಸಿರಿನ ಗೊರಗೊರ ಇಲ್ಲ. ಸತ್ತದ್ದು ಒಂದೇ, ಹಿಂದೆಯೇ ಇನ್ನೊಂದು ಸಾಯಲಿಲ್ಲ. ಲಸಿಕೆಯೂ ಕಾಲಕಾಲಕ್ಕೆ ಆಗಿತ್ತು. ಅದನ್ನು ಬದಿಗಿಟ್ಟೆವು.

ಮೇವು? ಜನವರಿವರೆಗೆ ಮೊಟ್ಟೆಕೋಳಿ ಫೀಡು ಕೊಡುತ್ತಿದ್ದರು. ದುಬಾರಿ ಅಂತ ಫೆಬ್ರವರಿಯಲ್ಲಿ ಅರ್ಧ ಫೀಡು, ಅರ್ಧ ರಾಗಿ ಮತ್ತು ಅಕ್ಕಿನುಚ್ಚು ಮಾಡಿದ್ದರು. ದೊಡ್ಡ ಕೋಳಿಗೆ ದಿನಕ್ಕೆ 100-120 ಗ್ರಾಂ ಮೇವು ಬೇಕು. ಹತ್ತಕ್ಕೆ ತಿಂಗಳಿಗೆ ಸುಮಾರು 33 ಕಿಲೋ. ಹೊಲಿಗೆ ದುಡ್ಡಿನಲ್ಲಿ ಅದನ್ನು ನಿಭಾಯಿಸುವವರಿಗೆ ರಾಗಿ ಬೆರೆಸಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ರಾಗಿ ಕೆಟ್ಟದ್ದಲ್ಲ, ಆದರೆ ಬರೀ ಕಾಳಿನಲ್ಲಿ ಮೊಟ್ಟೆಗೆ ಬೇಕಾದಷ್ಟು ಪ್ರೋಟೀನು, ಸುಣ್ಣದ ಅಂಶ ಇರುವುದಿಲ್ಲ. ಮೇವೇ ಮುಖ್ಯ ಕಾರಣವಾಗಿದ್ದರೆ ಮೊಟ್ಟೆಯ ಸಿಪ್ಪೆ ತೆಳ್ಳಗಾಗಬೇಕಿತ್ತು, ಮುಟ್ಟಿದರೆ ಒಡೆಯುವ ಮೊಟ್ಟೆ ಬರಬೇಕಿತ್ತು. ಅವತ್ತು ಸಿಕ್ಕ ಒಂದು ಮೊಟ್ಟೆಯ ಸಿಪ್ಪೆ ಗಟ್ಟಿಯಾಗೇ ಇತ್ತು. ಮೇವಿನ ಪಾಲು ಸ್ವಲ್ಪ ಇರಬಹುದು, ಪೂರ್ತಿ ಅಲ್ಲ.

ಬೆಳಕು? ಕೋಳಿಯ ಮೊಟ್ಟೆ ಹಗಲಿನ ಉದ್ದಕ್ಕೆ ತಕ್ಕಂತೆ ಏರಿಳಿಯುತ್ತದೆ. ನಮ್ಮ ಕಡೆ ಡಿಸೆಂಬರಿನ ಹಗಲು 11 ಗಂಟೆ 20 ನಿಮಿಷದಷ್ಟು, ಜೂನಿನದು 13 ಗಂಟೆಯ ಹತ್ತಿರ. ಮಾರ್ಚ್‌ನಲ್ಲಿ ಹಗಲು ಬೆಳೆಯುವ ಕಾಲ. ಕಮ್ಮಿ ಆಗಲು ಅದು ಕಾರಣವೇ ಅಲ್ಲ. ಗರಿ ಉದುರಿಸುವ ಕಾಲವೂ ಅಲ್ಲ, ಅಂಗಳದಲ್ಲಿ ಗರಿ ಇರಲಿಲ್ಲ. ಬಿಸಿಲು ಏರುತ್ತಿತ್ತು ನಿಜ, ಆದರೆ ಕ್ಯಾಲೆಂಡರಿನ ಪ್ರಕಾರ ಇಳಿತ ಶುರುವಾಗಿದ್ದು ಫೆಬ್ರವರಿಯಲ್ಲಿ. ಆಗಿನ್ನೂ ಬೆಳಗಿನ ಚಳಿ ಹೋಗಿರಲಿಲ್ಲ.

ಕದ್ದು ಇಡುತ್ತಿವೆಯಾ? ಬಿಟ್ಟು ಮೇಯಿಸುವ ಮನೆಯಲ್ಲಿ ಇದು ಮೊದಲ ಅನುಮಾನ. ಮಗಳನ್ನು ಹುಡುಕಲು ಬಿಟ್ಟೆವು. ಕಾಲು ಗಂಟೆಯಲ್ಲಿ ಕಿರುಚಿಕೊಂಡು ಬಂದಳು. ಖಾಲಿ ಸೈಟಿನಲ್ಲಿ ಒಟ್ಟಿದ್ದ ತೆಂಗಿನ ಗರಿಯ ಅಡಿ 11 ಮೊಟ್ಟೆ! ಮನೆಯವರಿಗೆಲ್ಲ ಸಮಾಧಾನ. ಅಜ್ಜಿ ‘ಕಳ್ಳ ಮುಂಡೇವು’ ಅಂತ ನಕ್ಕರು. ನೀರಿಗೆ ಹಾಕಿ ನೋಡಿದೆವು. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳತಾದಂತೆ ನಿಲ್ಲುತ್ತದೆ, ತೀರ ಹಳತಾದದ್ದು ತೇಲುತ್ತದೆ. ಎಂಟು ನಿಂತವು, ಮೂರು ತೇಲಿದವು. ಎಲ್ಲವೂ ಹಳೆಯವು, ಎಲ್ಲವೂ ನಾಟಿ ಹೇಂಟೆಯ ಸಣ್ಣ ಬಿಳಿಚು ಮೊಟ್ಟೆ. ಗಿರಿರಾಜದ ಕಂದು ಮೊಟ್ಟೆ ಒಂದೂ ಇರಲಿಲ್ಲ. ಆ ಹನ್ನೊಂದರಿಂದ ಒಂದು ಕೋಳಿಯ ಲೆಕ್ಕ ಸಿಕ್ಕಿತು ಅಷ್ಟೇ. ಅಲ್ಲಿಗೇ ಹುಡುಕಾಟ ನಿಲ್ಲಿಸಿದ್ದರೆ ಇನ್ನಷ್ಟು ಕೋಳಿ ಹೋಗುತ್ತಿದ್ದವು ಅನ್ನಿಸುತ್ತದೆ.

ಹೇನು? ಕೋಳಿ ಹೇನು ಮೈಮೇಲೇ ಹುಟ್ಟಿ ಮೈಮೇಲೇ ಸಾಯುವ ಜೀವ. ಬಾಲದ ಕೆಳಗೆ ಗರಿ ಬಿಡಿಸಿದರೆ ಹಗಲಲ್ಲೂ ಓಡಾಡುವುದು ಕಾಣುತ್ತದೆ, ಗರಿಯ ಬುಡದಲ್ಲಿ ಮೊಟ್ಟೆ ಗಂಟುಕಟ್ಟಿರುತ್ತದೆ. ಇಲ್ಲಿ ಚೊಕ್ಕಟ. ಕೋಳಿಗಳು ಬೂದಿ ಗುಂಡಿಯಲ್ಲಿ ದಿನವೂ ಹೊರಳಾಡುತ್ತಿದ್ದವು.

ಹಿಡಿದು ನೋಡುವಾಗ ಕಂಡದ್ದು ಎರಡು. ಒಂದು, ಜುಟ್ಟು ಹೆಚ್ಚುಕಮ್ಮಿ ಎಲ್ಲದರದೂ ಬಿಳಿಚಿತ್ತು. ಮೊಟ್ಟೆ ಇಡುವ ಹೇಂಟೆಯ ಜುಟ್ಟು ಕೆಂಪಗೆ ಇರಬೇಕು. ಕಣ್ಣಿನ ರೆಪ್ಪೆಯ ಒಳಗೂ ಕೆಂಪಿಲ್ಲ. ಅಂದರೆ ರಕ್ತ ಕಮ್ಮಿ. ಇನ್ನೊಂದು, ಎರಡು ಕೋಳಿಯ ರೆಕ್ಕೆ ಕೆಳಗೆ, ಗರಿ ಇಲ್ಲದ ಚರ್ಮದಲ್ಲಿ, ರಾಗಿ ಕಾಳಿನ ಗಾತ್ರದ ಕಪ್ಪುನೀಲಿ ಚುಕ್ಕೆಗಳು. ಆಕೆ ಅದನ್ನು ಗಾಯದ ಹಕ್ಕಳೆ ಅಂದುಕೊಂಡಿದ್ದರು. ಉಗುರಿನಿಂದ ಎಬ್ಬಿಸಿದೆ. ಹಕ್ಕಳೆಗೆ ಕಾಲಿರುವುದಿಲ್ಲ. ಇದಕ್ಕಿತ್ತು.

ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಸಂಜೆ ಗೂಡಿಗೆ ತಾವಾಗೇ ಹೋಗುತ್ತವಾ?

‘ಇಲ್ಲ ಕಣಣ್ಣ’ ಅಂದರು ಆಕೆ. ‘ಮೊದಮೊದಲು ಆರೂವರೆಗೆ ಒಂದೊಂದಾಗಿ ಹೋಗಿಬಿಡ್ತಿದ್ವು. ಈಗ ಅಟ್ಟಾಡಿಸಿಕೊಂಡು ಹೋಗಿ ಕೂಡಬೇಕು. ನಾಟಿಯವು ನುಗ್ಗೆ ಮರ ಹತ್ತಿಬಿಡ್ತವೆ. ಇವು ಮೈಭಾರದವು, ಹಾರಕ್ಕಾಗಲ್ಲ, ಒಗೆಯೋ ಕಲ್ಲಿನ ಪಕ್ಕ ಕೂತುಬಿಡ್ತವೆ. ಸೆಕೆಗೆ ಹಂಗೆ ಮಾಡ್ತವೆ ಅಂದ್ಕೊಂಡೆ.’

ಗೂಡು ಎಲ್ಲಿಂದ ಬಂತು ಅಂತ ಕೇಳಿದೆ. ಸಂಕ್ರಾಂತಿ ಕಳೆದ ಮೇಲೆ ತವರಿಂದ ತಂದದ್ದು. ಆಕೆಯ ತಾತ ಮಾಡಿಸಿದ ಹಲಸಿನ ಮರದ ಗೂಡು. ಅದಕ್ಕೂ ಮೊದಲು ಕೋಳಿಗಳು ಜಾಲರಿ ಕಟ್ಟಿದ ತಾತ್ಕಾಲಿಕ ಬೋನಿನಲ್ಲಿದ್ದವು. ‘ಹಿಂದಿನ ಯುಗಾದಿಯಿಂದ ಖಾಲಿ ಬಿದ್ದಿತ್ತು. ಒಂದು ಕೋಳಿನೂ ಇರಲಿಲ್ಲ. ತೊಳೆದು ಬಿಸಿಲಿಗೆ ಒಣಗಿಸಿದ್ದೀವಿ’ ಅಂದರು.

ರಾತ್ರಿ ಒಂಬತ್ತೂವರೆ

ಗೂಡನ್ನು ಹಗಲು ನೋಡಿದರೆ ಏನೂ ಇಲ್ಲ. ಹಿಕ್ಕೆ ಕೆರೆದು ತೆಗೆದಿದ್ದಾರೆ, ನೆಲಕ್ಕೆ ಬತ್ತದ ಹೊಟ್ಟು ಹರಡಿದ್ದಾರೆ. ನಾನು ಊಟ ಅಲ್ಲೇ ಮಾಡಿ ಕಾದೆ. ಕೋಳಿಗಳನ್ನು ಒಳಗೆ ಕೂಡಿ, ದೀಪ ಆರಿಸಿ, ಸದ್ದಿಲ್ಲದೆ ಬಿಟ್ಟೆವು. ರಾತ್ರಿ ಒಂಬತ್ತೂವರೆಗೆ ಟಾರ್ಚು ಹಿಡಿದು ಬಾಗಿಲು ತೆರೆದೆವು.

ಕೋಳಿಗಳು ಕೂರುವ ಅಡ್ಡಪಟ್ಟಿಯ ತುದಿ ಗೋಡೆಗೆ ಸೇರುವ ಸಂದಿನಿಂದ ಅವು ಇಳಿದು ಬರುತ್ತಿದ್ದವು. ಚಪ್ಪಟೆ, ಅಂಡಾಕಾರ, ಕಲ್ಲಂಗಡಿ ಬೀಜದಂತೆ. ಹಸಿದಿರುವುದು ಕೆಂಪುಗಂದು, ಹೀರಿ ತುಂಬಿದ್ದು ಬೂದುನೀಲಿ. ಒಂದು ಹೇಂಟೆಯ ಕಾಲಿನ ಮೇಲೆ ನಾಲ್ಕೈದು. ಎದೆಯ ಗರಿ ಸರಿಸಿದರೆ ಇನ್ನೂ ಇವೆ. ಕೋಳಿ ಒಂದು ಕಾಲೆತ್ತಿ ಇನ್ನೊಂದು ಕಾಲಿಗೆ ಉಜ್ಜಿ, ಮತ್ತೆ ಇಟ್ಟು, ಮತ್ತೆ ಎತ್ತಿ ನಿಂತೇ ಇತ್ತು. ಟಾರ್ಚಿನ ಬೆಳಕು ಬಿದ್ದ ಕೂಡಲೇ ಪಟ್ಟಿಯ ಮೇಲಿದ್ದವು ಸಂದಿಗೆ ಹಿಂತಿರುಗತೊಡಗಿದವು. ಆಕೆ ಒಂದನ್ನು ಚಪ್ಪಲಿಯಲ್ಲಿ ಒತ್ತಿದರು. ಕಲ್ಲಿನ ಮೇಲೆ ರೂಪಾಯಿ ಅಗಲ ರಕ್ತ.

ಇದು ಕೋಳಿ ಉಣ್ಣೆ. ವಿಜ್ಞಾನದ ಹೆಸರು ಆರ್ಗಸ್ ಪರ್ಸಿಕಸ್. ದನದ ಮೈಗೆ ಕಚ್ಚಿಕೊಂಡು ದಿನಗಟ್ಟಲೆ ಇರುವ ಉಣ್ಣೆಯ ಥರ ಅಲ್ಲ ಇದು. ಮರಿ ಉಣ್ಣೆ ಮಾತ್ರ ಐದಾರು ದಿನ ಕೋಳಿಯ ರೆಕ್ಕೆ ಕೆಳಗೆ ಅಂಟಿಕೊಂಡಿರುತ್ತದೆ. ಹಗಲು ಕಂಡ ಕಪ್ಪು ಚುಕ್ಕೆ ಅದೇ. ಬೆಳೆದದ್ದು ಹಗಲೆಲ್ಲ ಮರದ ಬಿರುಕಿನಲ್ಲಿ, ಗೋಡೆ ಸಂದಿನಲ್ಲಿ, ಮರದ ತೊಗಟೆಯ ಅಡಿ ಅಡಗಿರುತ್ತದೆ. ರಾತ್ರಿ ಬಂದು, ಅರ್ಧ ಗಂಟೆಯೋ ಒಂದು ಗಂಟೆಯೋ ಹೀರಿ, ವಾಪಸ್ ಹೋಗುತ್ತದೆ. ಒಂದು ಸಲ ಹೊಟ್ಟೆ ತುಂಬಿದರೆ ಹೆಣ್ಣು ಬಿರುಕಿನಲ್ಲಿ 50-100 ಮೊಟ್ಟೆ ಇಡುತ್ತದೆ. ಮತ್ತೆ ಹೀರಿದರೆ ಮತ್ತೊಂದು ಕಂತು. ಹಾಗಾಗಿ ಹಗಲು ಕೋಳಿಯನ್ನು ಎಷ್ಟು ತಿರುಗಿಸಿ ನೋಡಿದರೂ ಕಳ್ಳ ಸಿಗುವುದಿಲ್ಲ.

ಖಾಲಿ ಗೂಡು ಅಂದರೆ ಸುರಕ್ಷಿತ ಅನ್ನುವ ಲೆಕ್ಕವೂ ಇಲ್ಲಿ ನಡೆಯಲ್ಲ. ಬೆಳೆದ ಉಣ್ಣೆ ರಕ್ತವಿಲ್ಲದೆ ಒಂದು ವರ್ಷಕ್ಕಿಂತ ಜಾಸ್ತಿ ಬದುಕಿರಬಲ್ಲದು. ಹಿಂದಿನ ಯುಗಾದಿಯಿಂದ ಹಸಿದು ಕೂತಿದ್ದವುಗಳ ಬಾಯಿಗೆ ಸಂಕ್ರಾಂತಿಗೆ ಹತ್ತು ಕೋಳಿ ಸಿಕ್ಕಿವೆ. ಜನವರಿಯಲ್ಲಿ ಅವು ಕೆಲವೇ ಇದ್ದಿರಬೇಕು. ಬಿಸಿಲು ಏರಿದಂತೆ ಬೇಗ ಬೇಗ ಹೆಚ್ಚಿದವು. ಕ್ಯಾಲೆಂಡರಿನ ಮೆಟ್ಟಿಲು ಹಾಗೆ ಇಳಿದದ್ದು ಅದಕ್ಕೇ. ಗೂಡು ಬಂದು ಒಂದು ತಿಂಗಳಿಗೆ ಮೊಟ್ಟೆ ಇಳಿಯಲು ಶುರುವಾಗಿತ್ತು. ರಾತ್ರಿಯೆಲ್ಲ ರಕ್ತ ಕೊಟ್ಟು, ನಿದ್ದೆಯೂ ಇಲ್ಲದ ಕೋಳಿ ಮೊಟ್ಟೆ ಎಲ್ಲಿಂದ ಇಡಬೇಕು?

ಕೋಳಿಗಳಿಗೆ ಇದು ಗೊತ್ತಿತ್ತು. ನುಗ್ಗೆ ಮರ ಹತ್ತಿದ ನಾಟಿ ಹೇಂಟೆಗಳ ಜುಟ್ಟು ಉಳಿದವಕ್ಕಿಂತ ಕೆಂಪಗಿತ್ತು. ಅಟ್ಟಾಡಿಸಿ ಒಳಗೆ ಕೂಡಿದ್ದು ನಾವು, ಅಂದರು ಆಕೆ. ನಾನು ಅದಕ್ಕೆ ಏನೂ ಹೇಳಲಿಲ್ಲ. ರಾತ್ರಿ ಹೊರಗೆ ಬಿಟ್ಟಿದ್ದರೆ ಮುಂಗುಸಿಯೋ ಬೀದಿನಾಯಿಯೋ ಮುಗಿಸುತ್ತಿದ್ದವು, ಅಲ್ವಾ?

ಗೂಡಿನ ಜಗಳ

ಅವತ್ತು ರಾತ್ರಿಯೇ ಕೋಳಿಗಳನ್ನು ಹೊರಗೆ ತಂದು ಮುಂದಿನ ವರಾಂಡದಲ್ಲಿ ಬಿದಿರಿನ ಮಂಕರಿಗಳ ಅಡಿ ಮುಚ್ಚಿದೆವು. ಬೆಳಗ್ಗೆ ಒಂದು ಗಿರಿರಾಜ ಹೇಂಟೆ ಮಂಕಾಗಿತ್ತು, ಹಿಕ್ಕೆ ಹಸಿರು. ಸತ್ತದ್ದರ ಥರವೇ. ಅದನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದರು. ಜೊತೆಗೆ ಬೆಂಕಿಪೆಟ್ಟಿಗೆಯಲ್ಲಿ ಐದಾರು ಉಣ್ಣೆ. ಆ ಬೆಂಕಿಪೆಟ್ಟಿಗೆಯಿಂದಾಗಿ ಅರ್ಧ ಮಾತು ಉಳಿಯಿತು. ಈ ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ಸ್ಪೈರೋಕೀಟೋಸಿಸ್ ಅನ್ನುವ ಜ್ವರವನ್ನೂ ಕೋಳಿಯಿಂದ ಕೋಳಿಗೆ ದಾಟಿಸುತ್ತದೆ. ಮಂಕು, ಹಸಿರು ಭೇದಿ, ಸಾವು. ವೈದ್ಯರಿಗೆ ಅದರದೇ ಅನುಮಾನ. ಪೆನ್ಸಿಲಿನ್ ಚುಚ್ಚಿದರು. ಮೂರನೇ ದಿನಕ್ಕೆ ಹೇಂಟೆ ಎದ್ದು ಓಡಾಡಿತು. ಕೋಳಿಗಳ ಮೈಗೆ ಮತ್ತು ಗೂಡಿಗೆ ಬೇರೆಬೇರೆ ಪ್ರಮಾಣದಲ್ಲಿ ಔಷಧಿ ಬರೆದುಕೊಟ್ಟರು. ಒಂದು ಮಾತು ಇಲ್ಲಿ ಸೇರಿಸಬೇಕು. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಅಂದಾಜಿನ ಮೇಲೆ ಬಕೆಟ್ಟಿಗೆ ಬೆರೆಸಿ ಕೋಳಿ ಅದ್ದುವವರನ್ನು ನಾನು ಕಂಡಿದ್ದೇನೆ. ಉಣ್ಣೆಗಿಂತ ಮೊದಲು ಕೋಳಿ ಸಾಯುತ್ತದೆ.

ಗೂಡನ್ನು ಸುಡಿ ಅಂದೆ ನಾನು. ಅಲ್ಲಿ ಜಗಳ ಶುರು. ಆಕೆಯ ಕಣ್ಣಲ್ಲಿ ನೀರು. ತಾತನ ಕಾಲದ್ದು, ಹಲಸಿನ ಮರ, ಈಗ ಮಾಡಿಸಿದರೆ ಇಂಥದ್ದು ಸಿಗಲ್ಲ. ಗಂಡನ ವಾದ ಬೇರೆ: ಬಿಸಿನೀರು ಹುಯ್ದು, ಔಷಧಿ ಹೊಡೆದು, ಸುಣ್ಣ ಬಳಿದರೆ ಸಾಕಲ್ಲವಾ? ಇದು ದಡ್ಡ ವಾದವಲ್ಲ, ಬಹಳ ಜನ ಹಾಗೇ ಮಾಡುತ್ತಾರೆ. ತೊಂದರೆ ಏನೆಂದರೆ ಔಷಧಿ ಬಿರುಕಿನ ಬಾಯಿಗೆ ತಲುಪುತ್ತದೆ, ಬಿರುಕಿನ ತಳಕ್ಕೆ ತಲುಪುವುದಿಲ್ಲ.

ವಾದ ಮುಗಿಯಲಿ ಅಂತ ಗೂಡನ್ನು ಅಂಗಳಕ್ಕೆ ಎಳೆದು, ಅಡ್ಡಪಟ್ಟಿಯ ಮೊಳೆ ಕಿತ್ತು, ಹಾರೆಯಿಂದ ಮೀಟಿದೆವು. ಪಟ್ಟಿಗೂ ಹಲಗೆಗೂ ನಡುವೆ ಬೆರಳು ತೂರದ ಸಂದು. ಅದರಲ್ಲಿ ಉದ್ದಕ್ಕೂ ಒಂದರ ಮೇಲೊಂದು ಅಂಟಿಕೊಂಡು ಉಣ್ಣೆಗಳು, ನಡುವೆ ಕಂದು ಬಣ್ಣದ ಮೊಟ್ಟೆಯ ಗುಪ್ಪೆ, ಕಳಚಿದ ಸಿಪ್ಪೆ. ಎಲ್ಲ ಪಟ್ಟಿಯ ಹಿಂದೆಯೂ ಹೀಗೇ. ಗಂಡ ಸುಮ್ಮನಾದರು. ಅಜ್ಜಿ ಒಳಗೆ ಹೋಗಿ ಸೀಮೆಎಣ್ಣೆ ಡಬ್ಬ ತಂದರು.

ಕೊನೆಗೆ ರಾಜಿ ಆಯ್ತು. ಪಟ್ಟಿ, ತೆಳು ಹಲಗೆ, ನೆಲದ ಮರ, ಹೊಟ್ಟು ಎಲ್ಲ ಖಾಲಿ ಸೈಟಿನಲ್ಲಿ ಸುಟ್ಟೆವು. ನಾಲ್ಕು ದಪ್ಪ ಹಲಸಿನ ಹಲಗೆ ಮಾತ್ರ ಬಿಟ್ಟು, ಕುದಿಯುವ ನೀರು ಹುಯ್ದು, ಬಡಗಿಯ ಹತ್ತಿರ ನಾಲ್ಕೂ ಮೈ ಹೆರೆಸಿದರು. ಅದೀಗ ಹೊಲಿಗೆ ಮಿಷನ್ನಿನ ಮೇಲೆ ದಾರದ ಉಂಡೆ ಇಡುವ ಸ್ಟ್ಯಾಂಡು.

ಕೆಲಸ ಗೂಡಿಗೇ ಮುಗಿಯಲಿಲ್ಲ. ಗೂಡು ಬಚ್ಚಲಮನೆಯ ಗೋಡೆಗೆ ಒತ್ತಿಕೊಂಡಿತ್ತು. ಗೋಡೆಯ ಗಾರೆ ಬಿರುಕು ಬಿಟ್ಟಿತ್ತು. ರಾತ್ರಿ ಟಾರ್ಚು ಹಿಡಿದರೆ ಅಲ್ಲೂ ಉಣ್ಣೆ. ಔಷಧಿ ಹೊಡೆದು, ಬಿರುಕಿಗೆ ಸಿಮೆಂಟು ತುಂಬಿ, ಸುಣ್ಣ ಬಳಿಸಿದರು. ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆದರು, ಮೊದಲ ಸಲ ಮೊಟ್ಟೆಯಾಗಿದ್ದವು ಅಷ್ಟರಲ್ಲಿ ಮರಿಯಾಗಿರುತ್ತವೆ ಅಂತ. ಹೊಸಬರು ಈ ಎರಡನೇ ಸಲವನ್ನೇ ಮರೆಯುವುದು. ಮೊದಲ ಸಲಕ್ಕೆ ಉಣ್ಣೆ ಕಾಣದಾದರೆ ಮುಗಿಯಿತು ಅಂದುಕೊಳ್ಳುತ್ತಾರೆ.

ವರ್ಷತೊಡಕು

ಮೈಗೆ ಔಷಧಿ ಬಿದ್ದ, ಚುಚ್ಚುಮದ್ದಾದ ಕೋಳಿಯನ್ನು ಇಷ್ಟು ದಿನ ಕುಯ್ಯಬಾರದು, ಮೊಟ್ಟೆಯನ್ನೂ ತಿನ್ನಬಾರದು ಅಂತ ವೈದ್ಯರು ಹೇಳಿ ಕಳಿಸಿದ್ದರು. ಆ ಗಡುವಿನೊಳಗೇ ಯುಗಾದಿ ಬಂತು. ಅಜ್ಜಿಗೆ ಇದು ಸಂಕಟ. ‘ಮನೆ ತುಂಬ ಕೋಳಿ ಇಟ್ಕಂಡು ಅಂಗಡೀಲಿ ಕ್ಯೂ ನಿಲ್ಲೋದಾ?’ ಅಂತ ಮಗನನ್ನು ಬೈದರು. ವರ್ಷತೊಡಕಿನ ದಿನ ಬೆಳಗ್ಗೆ ಐದಕ್ಕೇ ಎದ್ದು ಹೋಗಿ ಆತ ಮಟನ್ ತಂದರು. ಆ ಬೆಳಗ್ಗೆ ತುಮಕೂರಿನಲ್ಲಿ ಮಟನ್ ಅಂಗಡಿಯ ಸಾಲು ಎಷ್ಟುದ್ದ ಇರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ.

ಹೊಸ ಗೂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಕಬ್ಬಿಣದ ಆಂಗಲ್, ಜಾಲರಿ, ಮೇಲೆ ತಗಡು, ತಗಡಿನ ಮೇಲೆ ಬಿಸಿಲು ತಡೆಯಲು ತೆಂಗಿನ ಗರಿ. ಮರ ಇರುವುದು ಒಂದೇ ಕಡೆ: ಕೋಳಿ ಕೂರುವ ಗಳ. ಕಬ್ಬಿಣದ ಕೊಳವೆಯ ಮೇಲೆ ಕೋಳಿಗೆ ಹಿಡಿತ ಸಿಗುವುದಿಲ್ಲ. ಆ ಗಳವನ್ನು ಮೊಳೆ ಹೊಡೆಯದೆ ಕೊಕ್ಕೆಯ ಮೇಲೆ ಇಟ್ಟಿದ್ದಾರೆ, ತೆಗೆದು ಬಿಸಿಲಿಗೆ ಹಾಕಬಹುದು. ಗೂಡಿನ ನಾಲ್ಕು ಕಾಲೂ ಹಳೇ ಎಂಜಿನ್ ಆಯಿಲ್ ತುಂಬಿದ ಡಬ್ಬಿಯಲ್ಲಿ ನಿಂತಿವೆ. ಗೋಡೆಯಿಂದ ಎರಡಡಿ ದೂರ. ಎಣ್ಣೆ ಡಬ್ಬಿಗೆ ಮಳೆನೀರು ಬೀಳದಂತೆ ಪ್ಲಾಸ್ಟಿಕ್ ತಟ್ಟೆ ಕವುಚಿದ್ದು ಮಗಳ ಉಪಾಯ.

ಮೊದಲ ರಾತ್ರಿ ಕೋಳಿಗಳು ಹೊಸ ಗೂಡಿನ ಬಾಗಿಲಲ್ಲೇ ನಿಂತವು. ಎತ್ತಿ ಒಳಗೆ ಬಿಡಬೇಕಾಯ್ತು. ನಾಲ್ಕನೇ ಸಂಜೆಗೆ ಹುಂಜ ತಾನಾಗಿ ಹತ್ತಿತು, ಹೇಂಟೆಗಳು ಹಿಂದೆ. ಮೊಟ್ಟೆ ಬರುವ ಮೊದಲೇ ಆಕೆ ನನಗೆ ಫೋನು ಮಾಡಿ ಹೇಳಿದ್ದು ಇದನ್ನೇ.

ಮೊಟ್ಟೆ ತಕ್ಷಣ ಬರಲಿಲ್ಲ. ಹೋದ ರಕ್ತ ಮತ್ತೆ ಕೂಡಿಕೊಳ್ಳಲು ಸಮಯ ಬೇಕು. ಫೀಡಿನ ಪಾಲು ಮುಕ್ಕಾಲಿಗೆ ಏರಿಸಿದರು, ರಾಗಿ ಕಾಲುಭಾಗ. ನುಗ್ಗೆಸೊಪ್ಪು ಮನೆಯಲ್ಲೇ ಇತ್ತು, ದಿನಕ್ಕೊಂದು ಹಿಡಿ. ಏಪ್ರಿಲ್ ಬಹುಪಾಲು ಕ್ಯಾಲೆಂಡರಿನಲ್ಲಿ 1, 2, 1, 2. ಅಜ್ಜಿ ಮತ್ತೆ ಕತ್ತಿ ಮಸೆಯುವ ಮಾತಾಡಿದರು. ಏಪ್ರಿಲ್ ಕೊನೆಗೆ 3. ಮೇ ನಡುವೆ ಎರಡು ಮಳೆ ಬಿದ್ದು ತಂಪಾದ ಮೇಲೆ 4, ಕೆಲವು ದಿನ 5. ಇದರಲ್ಲಿ ಉಣ್ಣೆ ಹೋದದ್ದು ಎಷ್ಟು, ಮೇವು ಎಷ್ಟು, ಮಳೆ ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಮೂರೂ ಒಟ್ಟಿಗೇ ಬದಲಾಗಿದ್ದವು. ಜುಟ್ಟು ಕೆಂಪಗಾದದ್ದು ಮಾತ್ರ ಮಳೆಗಿಂತ ಮೊದಲೇ.

ಉಳಿದ ಒಂದು ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಗಂಡನಿಗೆ ಈ ಮಳೆಗಾಲದಲ್ಲಿ 50 ಮರಿ ತರುವ ಹುಮ್ಮಸ್ಸು. ಲಕ್ಷ ದುಡಿಯುವ ವಿಡಿಯೋಗಳನ್ನು ಆತ ಪಾಳಿ ಮುಗಿಸಿ ಬಂದು ನೋಡುತ್ತಾರೆ. ಆಕೆ ಒಪ್ಪಿಲ್ಲ. ಬಚ್ಚಲ ಗೋಡೆಯಲ್ಲಿ ಇನ್ನೂ ಒಂದೆರಡು ಹಸಿದು ಕೂತಿದ್ದರೆ ಅಂತ ಅವರ ಭಯ. ಅದಕ್ಕೆ ಆಧಾರವೂ ಇದೆ, ಗೋಡೆಗೆ ಸುಣ್ಣ ಬಿದ್ದು ಇನ್ನೂ ವರ್ಷ ತುಂಬಿಲ್ಲ. ನುಗ್ಗೆ ಮರದ ತೊಗಟೆಯನ್ನಂತೂ ಯಾರೂ ಬಿಡಿಸಿ ನೋಡಿಲ್ಲ. ನಾನು ಆಕೆಯ ಪರ. ಸದ್ಯಕ್ಕೆ 15 ಮರಿ ಅಂತ ಮಾತಾಗಿದೆ. ಗೂಡಿಗೆ ಅಷ್ಟೇ ಜಾಗ ಇರೋದು. ಹುಂಜ ಬಂದರೆ ಏನು ಮಾಡುವುದು ಅಂತ ಪಕ್ಕದ ಬೀದಿಯವರು ಈಗಲೇ ಕೇಳುತ್ತಿದ್ದಾರೆ.